ಹೆರೆಗತ್ತಿ ಗುರುತಿಸುವುದನ್ನು ನಾನು ಕಲಿತ ಬಗೆ

ಕೈಗೊಡಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಂಗೈ ಅಗಲದ, ಎರಡೂ ಮುಖ ಕೆತ್ತಿದ, ಒಂದು ತುದಿ ಚೂಪಾದ ಕಲ್ಲು ಸಿಕ್ಕರೆ ದನ ಕಾಯುವ ಹುಡುಗನೂ ನಿಂತು ನೋಡುತ್ತಾನೆ. ಹೆರೆಗತ್ತಿಗೆ ಆ ಭಾಗ್ಯವಿಲ್ಲ. ಚರ್ಮದ ಒಳಮೈಯ ಕೊಬ್ಬು ಕೆರೆಯಲು, ಕೋಲಿನ ತೊಗಟೆ ತೆಗೆದು ನಯ ಮಾಡಲು ಆದಿಮಾನವರು ಬಳಸಿದ ಈ ಉಪಕರಣ ನೋಡಲು ಬರೀ ಕಲ್ಲಿನ ಚೂರು. ಕೈಗೊಡಲಿಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟುಕೊಂಡ ಕೆಲವು ಹವ್ಯಾಸಿಗಳನ್ನು ನಾನು ಬಲ್ಲೆ. ಅವರ ಮನೆಯಲ್ಲಿ ಒಂದೂ ಹೆರೆಗತ್ತಿ ಕಂಡಿಲ್ಲ. ಸಿಕ್ಕಿಲ್ಲವೆಂದಲ್ಲ, ಬಗ್ಗಿ ನೋಡಿಲ್ಲ ಅಷ್ಟೆ.

ನಾನು ತಿರುಗಾಡುವುದು ಮಲಪ್ರಭಾ ಕಣಿವೆಯಲ್ಲಿ, ಬಾದಾಮಿಯ ಸುತ್ತಮುತ್ತ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಉಪಕರಣವನ್ನು ಗುರುತಿಸಿದ. ಮುಂದೆ ಭೂಸರ್ವೇಕ್ಷಣೆಗಾಗಿ ನಮ್ಮ ಕಡೆಗೂ ಬಂದ. ಪುರಾತತ್ವಜ್ಞ ಆರ್.ವಿ. ಜೋಶಿ ಅವರು ಮಲಪ್ರಭೆಯ ಗರಸು ಪದರಗಳ ಮೇಲೆ ಮಾಡಿದ ಅಧ್ಯಯನ 1955ರಲ್ಲಿ ಪ್ರಕಟವಾಯಿತು. ಖ್ಯಾಡ, ಲಖಮಾಪುರದಂತಹ ಊರುಗಳ ಹೆಸರು ಪುರಾತತ್ವದ ಪುಸ್ತಕಗಳಿಗೆ ಸೇರಿದ್ದು ಇಂತಹವರ ಕಾಲ್ನಡಿಗೆಯಿಂದ. ನಾನು ಹೋಗುವ ಜಾಗಗಳನ್ನು ಮಾತ್ರ ಇದಕ್ಕಿಂತ ಹತ್ತಿರವಾಗಿ ಹೇಳುವುದಿಲ್ಲ. ಮರುವಾರವೇ ಚೀಲ ಹಿಡಿದು ಬರುವವರಿದ್ದಾರೆ.

ಹುಡುಕಲು ಒಳ್ಳೆಯ ಕಾಲವೆಂದರೆ ಮುಂಗಾರಿನ ಮೊದಲ ಎರಡು ಮೂರು ಮಳೆಗಳ ನಂತರ, ಬಿತ್ತನೆಗೆ ಮುಂಚೆ. ಮಳೆ ಕಲ್ಲನ್ನು ತೊಳೆದಿರುತ್ತದೆ, ಹುಲ್ಲು ಇನ್ನೂ ಎದ್ದಿರುವುದಿಲ್ಲ. ಮಧ್ಯಾಹ್ನ ಹೋಗಿ ಪ್ರಯೋಜನವಿಲ್ಲ. ಬೆಳಗ್ಗೆ, ಸಂಜೆ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಮಾತ್ರ ಕಲ್ಲಿನಿಂದ ಚಕ್ಕೆ, ಅಂದರೆ ಪೆಟ್ಟಿಗೆ ಸಿಡಿದು ಬರುವ ಚೂರು, ಎಬ್ಬಿಸಿದ ಗಾಯಗಳು ನೆರಳು ಕೊಡುತ್ತವೆ. ದಪ್ಪ ಎರೆಮಣ್ಣಿನ ಹೊಲದ ನಡುವೆ ಅಲೆಯುವುದಕ್ಕಿಂತ ಹಳ್ಳ ಕೊರೆದ ದಂಡೆ, ಗುಡ್ಡದ ಬುಡದ ಗರಸು ನೆಲ, ಹೊಲದ ಬದುವಿನ ಕಲ್ಲುಗುಪ್ಪೆ ನೋಡುವುದು ಲೇಸು. ಗುಪ್ಪೆಯ ಕಲ್ಲು ರೈತ ತನ್ನ ಹೊಲದಿಂದಲೇ ಆಯ್ದು ಹಾಕಿದ್ದಾದ್ದರಿಂದ ಜಾಗ ಹೆಚ್ಚು ಕೆಟ್ಟಿರುವುದಿಲ್ಲ. ಹೊಲದ ಮಾಲೀಕರನ್ನು ಕೇಳದೆ ಒಳಗೆ ಕಾಲಿಡುವುದಿಲ್ಲ. ನಿಧಿ ಹುಡುಕುವವನೆಂಬ ಅನುಮಾನ ಹಳ್ಳಿಯಲ್ಲಿ ಬಹಳ ಬೇಗ ಹಬ್ಬುತ್ತದೆ.

ಈಗ ಗುರುತಿಸುವ ವಿಷಯ. ಮೊದಲು ಕೇಳಿಕೊಳ್ಳಬೇಕಾದದ್ದು ಇದು ಹೆರೆಗತ್ತಿಯೇ ಎಂದಲ್ಲ. ಇದು ಮನುಷ್ಯ ಹೊಡೆದು ಎಬ್ಬಿಸಿದ ಚಕ್ಕೆಯೇ ಎಂದು. ಹಾಗೆ ಎಬ್ಬಿಸಿದ ಚಕ್ಕೆಯ ಒಂದು ತುದಿಯಲ್ಲಿ ಪೆಟ್ಟು ಬಿದ್ದ ಚಿಕ್ಕ ಸಮತಟ್ಟು ಜಾಗವಿರುತ್ತದೆ. ಅದರ ಕೆಳಗೆ ಒಳಮುಖದಲ್ಲಿ ಒಂದು ಉಬ್ಬು. ಉಬ್ಬಿನಿಂದ ಕೆಳಕ್ಕೆ ಮಂದವಾದ ಅಲೆಗೆರೆಗಳು. ಒಳಮುಖದಲ್ಲಿ ಇಷ್ಟು ಬಿಟ್ಟರೆ ಬೇರೆ ಕೆತ್ತನೆ ಇರುವುದಿಲ್ಲ. ಹೊರಮುಖದಲ್ಲಿ ಹಿಂದೆ ಎದ್ದ ಚಕ್ಕೆಗಳ ಗುರುತು, ಅವುಗಳ ನಡುವೆ ಏಣುಗಳು. ಚರ್ಟ್, ಜಾಸ್ಪರ್‌ನಂತಹ ನಯವಾದ ಗಟ್ಟಿ ಕಲ್ಲುಗಳಲ್ಲಿ ಇದೆಲ್ಲ ಸ್ಪಷ್ಟ. ನಮ್ಮ ಕಣಿವೆಯಲ್ಲಿ ಹೇರಳವಾಗಿರುವ ಕ್ವಾರ್ಟ್ಜೈಟ್‌ನಲ್ಲಿ, ಅಂದರೆ ಗಟ್ಟಿಯಾದ ಮರಳುಗಲ್ಲಿನಲ್ಲಿ, ಕಾಳು ಒರಟಾಗಿದ್ದರೆ ಉಬ್ಬು ಕಣ್ಣಿಗಿಂತ ಹೆಬ್ಬೆರಳಿಗೆ ಬೇಗ ತಿಳಿಯುತ್ತದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಡೆಗೆ ಹೋದರೆ ಕಲ್ಲಿನ ಜಾತಿಯೇ ಬೇರೆ. ಪುರಾತತ್ವಜ್ಞ ಕೆ. ಪದ್ದಯ್ಯನವರು ಉತ್ಖನನ ಮಾಡಿದ ಇಸಾಂಪುರದಲ್ಲಿ, ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಕಾಲ ನಿರ್ಣಯಿಸಿದ ಆ ಕಾರ್ಯಾಗಾರದಲ್ಲಿ, ಕೈಗೊಡಲಿಗಳನ್ನೂ ಹೆರೆಗತ್ತಿಗಳನ್ನೂ ಸುಣ್ಣದ ಕಲ್ಲಿನಿಂದಲೇ ಮಾಡಿದ್ದರು. ಕ್ವಾರ್ಟ್ಜೈಟ್‌ಗೆ ಪಳಗಿದ ನನ್ನ ಕಣ್ಣು ಅಲ್ಲಿಯ ಸವೆದ, ಮಂಕಾದ ಮೇಲ್ಮೈಗಳಿಗೆ ಹೊಂದಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಚಕ್ಕೆ ಎಂದು ಖಚಿತವಾದ ಮೇಲೆ ಅಂಚು. ಇಡೀ ವಿದ್ಯೆ ಇರುವುದು ಇಲ್ಲಿ. ಹೆರೆಗತ್ತಿಯ ಅಂಚಿನಲ್ಲಿ ಸಣ್ಣ ಸಣ್ಣ ಚಕ್ಕೆಗಳನ್ನು ಸಾಲಾಗಿ, ಒಂದರ ಪಕ್ಕ ಒಂದರಂತೆ ತೆಗೆದಿರುತ್ತಾರೆ. ಸಾಮಾನ್ಯವಾಗಿ ಒಳಮುಖದ ಕಡೆಯಿಂದ ಪೆಟ್ಟು ಕೊಟ್ಟಿರುವುದರಿಂದ ಗುರುತುಗಳು ಹೊರಮುಖದಲ್ಲಿ ಮೂಡುತ್ತವೆ. ಅಂಚು ತೆಳುವಾಗಿ ಹರಿತವಾಗಿರುವುದಿಲ್ಲ, ಕಡಿದಾಗಿರುತ್ತದೆ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಹಿಡಿದು ಅಳೆಯುತ್ತೇನೆ. ಬಹುಪಾಲು 50ರಿಂದ 80 ಡಿಗ್ರಿಯ ನಡುವೆ ಬರುತ್ತದೆ. ಕೊಯ್ಯುವ ಅಲಗಿಗೆ ಇಷ್ಟು ಕೋನ ಇದ್ದರೆ ಅದು ಮಾಂಸದೊಳಗೆ ಇಳಿಯದು. ಹೆರೆಯಲು ಇದೇ ಬೇಕು, ಏಕೆಂದರೆ ತೆಳು ಅಂಚು ಒತ್ತಡಕ್ಕೆ ಮುರಿಯುತ್ತದೆ, ಚರ್ಮವನ್ನೂ ಹರಿಯುತ್ತದೆ.

ಮೋಸ ಮಾಡುವ ಕಲ್ಲುಗಳು ಬೇಕಾದಷ್ಟಿವೆ. ನೇಗಿಲು, ಟ್ರ್ಯಾಕ್ಟರ್‌ನ ರೆಂಟೆ, ಚಕ್ಕಡಿಯ ಗಾಲಿ, ದನದ ಗೊರಸು, ಎಲ್ಲವೂ ಚಕ್ಕೆಯ ಅಂಚನ್ನು ಮುರಿಯುತ್ತವೆ. ಅವುಗಳ ಗುರುತು ಕ್ರಮವಿಲ್ಲದ್ದು: ಇಲ್ಲೊಂದು, ಅಲ್ಲೊಂದು, ಒಮ್ಮೆ ಈ ಮುಖ, ಒಮ್ಮೆ ಆ ಮುಖ. ಹಳೆಯ ಮೇಲ್ಮೈ ಕಂದಿದ್ದು ಅಂಚಿನ ಗಾಯ ಮಾತ್ರ ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಅದು ಇತ್ತೀಚಿನದು. ಕಬ್ಬಿಣ ತಾಗಿದ ಕಡೆ ತುಕ್ಕಿನ ಗೀರು ಉಳಿದಿರುವುದೂ ಉಂಟು. ಜಲ್ಲಿ ಒಡೆಯುವ ಯಂತ್ರದ ಬಳಿ ಸಿಕ್ಕ ಕಲ್ಲನ್ನು ನೋಡುವುದೇ ಬೇಡ. ಅಲ್ಲಿ ಉಬ್ಬು, ಅಲೆಗೆರೆ ಎಲ್ಲ ಇರುವ ಚಕ್ಕೆಗಳು ರಾಶಿಗಟ್ಟಲೆ ಉದುರಿರುತ್ತವೆ. ಇನ್ನೊಂದು ಜಾತಿ ಚಕಮಕಿ ಕಲ್ಲು. ಬೆಂಕಿಪೊಟ್ಟಣ ಬರುವ ಮುಂಚೆ ಉಕ್ಕಿನ ತುಂಡಿಗೆ ತಾಗಿಸಿ ಕಿಡಿ ಹೊರಡಿಸುತ್ತಿದ್ದ ಈ ಕಲ್ಲುಗಳ ಅಂಚೂ ಸಾಲಾಗಿ ಮುರಿದಿರುತ್ತದೆ. ಆದರೆ ಅಲ್ಲಿ ಜಜ್ಜಿದ, ಮೆಟ್ಟಿಲು ಮೆಟ್ಟಿಲಾದ ಗಿಡ್ಡ ಗಾಯಗಳೇ ಹೆಚ್ಚು.

ನನಗೆ ಹೆಚ್ಚು ಕಲಿಸಿದ್ದು ಓದಲ್ಲ, ಸ್ವತಃ ಕೆತ್ತಿದ್ದು. ಕನ್ನಡಕ, ದಪ್ಪ ಕೈಗವಸು, ಮುಖಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಕೂತು, ನದಿಯ ದುಂಡು ಕಲ್ಲಿನಿಂದ ಚರ್ಟ್ ಗಡ್ಡೆಗೆ ಹೊಡೆದೆ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಗವಸು ತೋರಿಕೆಗಲ್ಲ. ಅಂಚನ್ನು ಕಡಿದಾಗಿ ಮಾಡುವಾಗ ಅದೇ ದುಂಡು ಕಲ್ಲಿನಿಂದ ಅಂಚಿಗೆ ಮೆಲ್ಲಗೆ ತಾಗಿಸುತ್ತಾ ಹೋದರೆ ಸಾಕು. ಮೂರು ಲಕ್ಷ ವರ್ಷ ಹಳೆಯದೆನಿಸುವ ಸಾಲು ಕೆಲವೇ ನಿಮಿಷಗಳಲ್ಲಿ ಮೂಡುತ್ತದೆ. ಅದರಿಂದ ಹಸಿ ಜಾಲಿಯ ಕೋಲು ಹೆರೆದೆ. ಹೆರೆಯುವಾಗ ಅಂಚು ಒಂದೇ ದಿಕ್ಕಿನ ಒತ್ತಡ ತಾಳುವುದರಿಂದ ಹೊಸ ಸೂಕ್ಷ್ಮ ಗಾಯಗಳು ಹೆಚ್ಚಾಗಿ ಒಂದೇ ಮುಖದಲ್ಲಿ ಮೂಡಿದವು. ಅದೇ ಕಲ್ಲಿನ ಇನ್ನೊಂದು ಅಂಚಿನಿಂದ ಕೊಯ್ದಾಗ ಎರಡೂ ಮುಖ ಮುರಿಯಿತು. ಸೋವಿಯತ್ ವಿದ್ವಾಂಸ ಸೆರ್ಗೆ ಸೆಮ್ಯೋನೊವ್ ಇಂತಹ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಉಪಕರಣದ ಕೆಲಸವನ್ನು ಹೇಳುವ ದಾರಿ ಹಾಕಿಕೊಟ್ಟರು. ಇಥಿಯೋಪಿಯಾದ ಕೊನ್ಸೊ ಮಹಿಳೆಯರು ನಮ್ಮ ಕಾಲದಲ್ಲೂ ಮರದ ಹಿಡಿಗೆ ಕಲ್ಲಿನ ಹೆರೆಗತ್ತಿ ಕೂರಿಸಿ ಚರ್ಮ ಹದ ಮಾಡಿದ್ದಾರೆ. ನಾನು ಕೆತ್ತುವುದು ಮನೆಯ ಅಂಗಳದಲ್ಲಿ, ಟಾರ್ಪಾಲಿನ್ ಹಾಸಿ. ಒಂದು ಚೂರೂ ಹೊರಗೆ ಹೋಗದಂತೆ ಗುಡಿಸಿ, ವರ್ಷ ಬರೆದ ಡಬ್ಬಿಯಲ್ಲಿ ಹಾಕುತ್ತೇನೆ. ಆದಿಮಾನವರ ನೆಲೆಯ ಹತ್ತಿರ ಕೆತ್ತಿ ಚೂರು ಬಿಟ್ಟು ಬರುವವರು ಮುಂದಿನವರ ಬಾಯಿಗೆ ಮಣ್ಣು ಹಾಕಿದಂತೆಯೇ.

ಪಕ್ಕದಂಚಿನ ಹೆರೆಗತ್ತಿ, ತುದಿಯಂಚಿನದು, ಉಬ್ಬಂಚು, ತಗ್ಗಂಚು, ಜೋಡಿ ಅಂಚು ಎಂದು ಹೆಸರುಗಳ ದೊಡ್ಡ ಪಟ್ಟಿಯೇ ಇದೆ. ಫ್ರಾನ್ಸ್‌ನ ಪುರಾತತ್ವಜ್ಞ ಫ್ರಾನ್ಸ್ವಾ ಬೋರ್ಡ್ ಮಾಡಿದ 63 ಬಗೆಯ ಉಪಕರಣಗಳ ವರ್ಗೀಕರಣದಲ್ಲಿ ಪಕ್ಕದಂಚಿನ ಹೆರೆಗತ್ತಿಗಳೇ ಮೂರನೇ ಒಂದು ಪಾಲು. ಇವು ಒಂದೊಂದೂ ಬೇರೆ ಬೇರೆ ಉದ್ದೇಶದಿಂದ ಮಾಡಿದವೆಂದು ನಾನು ನಂಬುವುದಿಲ್ಲ. ಮೊಂಡಾದ ಅಂಚನ್ನು ಮತ್ತೆ ಮತ್ತೆ ಕೆತ್ತಿ ಹರಿತ ಮಾಡುವಾಗ ಉಪಕರಣ ಹೆರೆದ ಪೆನ್ಸಿಲ್‌ನಂತೆ ಕಿರಿದಾಗುತ್ತದೆ, ಆಕಾರವೂ ಬದಲಾಗುತ್ತದೆ. ಅಮೆರಿಕದ ಹೆರಾಲ್ಡ್ ಡಿಬಲ್ 1980ರ ದಶಕದಲ್ಲಿ ಇದೇ ವಾದ ಮಂಡಿಸಿದರು. ನಮಗೆ ಸಿಗುವುದು ಬಹಳ ಸಲ ಬಳಸಿ ಬಿಸಾಡಿದ ಕೊನೆಯ ಸ್ಥಿತಿ. ಆದ್ದರಿಂದ ನನ್ನ ದಾಖಲೆಯಲ್ಲಿ ಹೆಸರಿಗಿಂತ ಮೊದಲು ಅಳತೆ ಬರುತ್ತದೆ: ಪೆಟ್ಟಿನ ದಿಕ್ಕಿನಲ್ಲಿ ಉದ್ದ, ಅಗಲ, ದಪ್ಪ, ಕೆತ್ತಿದ ಅಂಚಿನ ಉದ್ದ, ಕೋನ, ಕಲ್ಲಿನ ಜಾತಿ. ಜೊತೆಗೆ ಒಂದು ಚಿತ್ರ. ಪೆಟ್ಟು ಬಿದ್ದ ತುದಿ ಕೆಳಗೆ, ಬೆಳಕು ಮೇಲಿನ ಎಡಗಡೆಯಿಂದ ಎಂಬ ರೂಢಿಯಂತೆ ಬರೆಯುತ್ತೇನೆ. ಫೋಟೊದಲ್ಲಿ ತಪ್ಪಿಸಿಕೊಂಡ ಗಾಯಗಳು ಪೆನ್ಸಿಲ್ ಹಿಡಿದಾಗ ಒಂದೊಂದಾಗಿ ಹೊರಬೀಳುತ್ತವೆ. ತೀರ್ಮಾನವಾಗದ ಕಲ್ಲಿಗೆ ‘ಅನುಮಾನ’ ಎಂಬ ಕಾಲಂ ಇದೆ, ಅದು ಯಾವಾಗಲೂ ತುಂಬಿರುತ್ತದೆ.

ಈ ಕೆಲಸವೆಲ್ಲ ಬಹುಪಾಲು ಕಲ್ಲು ಬಿದ್ದಿದ್ದ ಜಾಗದಲ್ಲೇ ಮುಗಿಯುತ್ತದೆ. ಮೊಬೈಲ್‌ನಲ್ಲಿ ಅಕ್ಷಾಂಶ, ರೇಖಾಂಶ, ಸರ್ವೆ ನಂಬರ್ ಬರೆದುಕೊಂಡು ಕಲ್ಲನ್ನು ಇದ್ದಲ್ಲೇ ಇಡುತ್ತೇನೆ. 1972ರ ಪುರಾತನ ವಸ್ತುಗಳ ಕಾನೂನಿನಲ್ಲಿ ನೂರು ವರ್ಷ ಮೀರಿದ ಇಂತಹ ವಸ್ತುಗಳನ್ನು ಪರವಾನಗಿ ಇಲ್ಲದೆ ಮಾರುವಂತಿಲ್ಲ, ದೇಶದ ಹೊರಗೆ ಸಾಗಿಸುವಂತಿಲ್ಲ. ಸಂರಕ್ಷಿತ ಪುರಾತತ್ವ ನೆಲೆಗಳಲ್ಲಂತೂ ಮುಟ್ಟುವುದೂ ಬೇಡ. ಗರಸು ತೆಗೆಯುವ ಕ್ವಾರಿಯೋ ಹೊಲ ಸಮತಟ್ಟು ಮಾಡುವ ಯಂತ್ರವೋ ಬಂದೇ ಬಿಟ್ಟರೆ ಮಾತ್ರ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೆ ತಿಳಿಸಿ, ಅವರು ಹೇಳಿದಂತೆ ಆಯ್ದು ಒಪ್ಪಿಸುತ್ತೇನೆ. ಹಾಗೆ ಆಯುವಾಗ ಚಂದದ ಹೆರೆಗತ್ತಿಗಳನ್ನಷ್ಟೇ ಅಲ್ಲ, ಗುರುತು ಹಾಕಿದ ಚೌಕದೊಳಗಿನ ತ್ಯಾಜ್ಯ ಚೂರುಗಳನ್ನೂ ತೆಗೆಯಬೇಕು. ಉಪಕರಣವನ್ನು ಅಲ್ಲಿಯೇ ಕೆತ್ತಿದರೋ, ಬೇರೆಡೆಯಿಂದ ತಂದರೋ ಎಂಬುದನ್ನು ಹೇಳುವುದು ಆ ಚೂರುಗಳೇ. ಒಂದೊಂದು ಕಲ್ಲಿಗೂ ಪ್ರತ್ಯೇಕ ಚೀಲ. ಒಂದೇ ಚೀಲಕ್ಕೆ ಸುರಿದರೆ ಕಲ್ಲು ಕಲ್ಲಿಗೆ ತಾಗಿ, ಬಸ್ ಊರು ಮುಟ್ಟುವಷ್ಟರಲ್ಲಿ ಅಂಚಿನಲ್ಲಿ ಹೊಸ ‘ಕೆತ್ತನೆ’ ಹುಟ್ಟಿರುತ್ತದೆ. ಚೀಟಿ ಪೆನ್ಸಿಲ್‌ನಲ್ಲಿ ಬರೆದಿರಬೇಕು, ಶಾಯಿ ತೇವಕ್ಕೆ ಹರಡುತ್ತದೆ. ಮೆತ್ತಿಕೊಂಡ ಸುಣ್ಣದ ಲೇಪವನ್ನು ಆಮ್ಲದಿಂದಾಗಲಿ ಉಜ್ಜಿಯಾಗಲಿ ತೆಗೆಯುವುದಿಲ್ಲ. ಕಲ್ಲು ಯಾವ ಪದರದಿಂದ ಬಂತೆಂಬುದಕ್ಕೆ ಕೆಲವೊಮ್ಮೆ ಅದೊಂದೇ ಸಾಕ್ಷಿ. ವಿಭಾಗದವರು ತಲುಪುವ ಮೊದಲೇ ಯಂತ್ರ ಗುಂಡಿ ತೋಡಿದ್ದರೆ, ಅಳತೆಪಟ್ಟಿ ಇಟ್ಟು ಗುಂಡಿಯ ಗೋಡೆಯ ಪದರಗಳ ಫೋಟೊ ತೆಗೆದು, ಎರೆಮಣ್ಣು ಎಷ್ಟು ಆಳ, ಗರಸು ಎಲ್ಲಿಂದ ಶುರು ಎಂದು ಬರೆದು ಅದನ್ನೂ ಚೀಲಗಳ ಜೊತೆಗೆ ಕೊಡುತ್ತೇನೆ.