ರೈಜೆನ್ 5600, ಬಿ450 ಬೋರ್ಡ್: ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮೈಸೂರಿನ ಸರಸ್ವತಿಪುರಂನ ಮನೆಯಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸಿದೆ. ಪ್ರೊಸೆಸರ್ ಹೊಸ ರೈಜೆನ್ 5 5600. ಮದರ್‌ಬೋರ್ಡ್ ಅಂಗಡಿಯಲ್ಲಿ ಬಹುಕಾಲ ದೂಳು ತಿಂದಿದ್ದ ಬಿ450. ಎರಡೂ ಎಎಂ4 ಸಾಕೆಟ್, ಚಿಪ್ ಸಲೀಸಾಗಿ ಕುಳಿತಿತು. ಪವರ್ ಒತ್ತಿದರೆ ಫ್ಯಾನುಗಳೆಲ್ಲ ತಿರುಗುತ್ತವೆ, ಮಾನಿಟರ್ ಮಾತ್ರ ಕಪ್ಪು.

ರ್‍ಯಾಮ್ ಒಂದೊಂದಾಗಿ ಹಾಕಿ ನೋಡಿದೆ. ಸಿಮೋಸ್ ಸೆಲ್ (ಬೋರ್ಡಿನ ಸೆಟ್ಟಿಂಗ್ ಉಳಿಸುವ ಪುಟ್ಟ ಬ್ಯಾಟರಿ) ತೆಗೆದೆ. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಬದಲಿಸಿದೆ. ಎಚ್‌ಡಿಎಂಐ ಕೇಬಲನ್ನು ಬೋರ್ಡಿಗೆ ಚುಚ್ಚಿದ್ದಂತೂ ಶುದ್ಧ ದಡ್ಡತನ. 5600ರೊಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ, ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು.

ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಹಳೆಯ ಬಯೋಸ್‌ಗೆ (ಕಂಪ್ಯೂಟರನ್ನು ಶುರು ಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಈ ಚಿಪ್ಪಿನ ಗುರುತೇ ಇರಲಿಲ್ಲ.

ಅದೃಷ್ಟಕ್ಕೆ ಬೋರ್ಡಿನ ಹಿಂಬದಿಯಲ್ಲಿ ಪೆನ್‌ಡ್ರೈವಿನಿಂದ ಹೊಸ ಬಯೋಸ್ ತುಂಬಿಸುವ ಫ್ಲ್ಯಾಶ್ ಗುಂಡಿ ಇತ್ತು. 64 ಜಿಬಿ ಪೆನ್‌ಡ್ರೈವ್ ಹಾಕಿ ಒತ್ತಿದಾಗ ದೀಪ ಐದು ಸಲ ಮಿನುಗಿ ಆರಿತು. ಆ ಡ್ರೈವ್ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿತ್ತು, ಬೋರ್ಡಿಗೆ ಬೇಕಿದ್ದದ್ದು ಫ್ಯಾಟ್32. ಅಣ್ಣನ ಮದುವೆ ಫೋಟೊಗಳಿದ್ದ 8 ಜಿಬಿ ಡ್ರೈವನ್ನು (ನಕಲು ಮಾಡಿಕೊಂಡ ಮೇಲೆಯೇ) ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿದೆ. ತಯಾರಕರ ಪ್ರೊಸೆಸರ್ ಪಟ್ಟಿಯಲ್ಲಿ 5600ರ ಎದುರಿದ್ದ ಬಯೋಸ್ ಆವೃತ್ತಿಯನ್ನು, ನನ್ನ ಬೋರ್ಡಿನ ರಿವಿಷನ್ ತಾಳೆ ನೋಡಿಯೇ, ಇಳಿಸಿಕೊಂಡೆ. ಜಿಪ್ ಬಿಚ್ಚಿ, ಫೈಲಿಗೆ ಕೈಪಿಡಿಯಲ್ಲಿರುವ ಹೆಸರನ್ನೇ ಕೊಟ್ಟು, ಯಾವ ಫೋಲ್ಡರಿಗೂ ಹಾಕದೆ ಡ್ರೈವಿನಲ್ಲಿ ನೇರವಾಗಿ ಇಟ್ಟೆ.

ಬಳಿಕ 24 ಪಿನ್ ಮತ್ತು ಪ್ರೊಸೆಸರಿನ 8 ಪಿನ್ ಕೇಬಲ್ ಎರಡನ್ನೂ ಜೋಡಿಸಿ, ಎಸ್‌ಎಂಪಿಎಸ್ ಸ್ವಿಚ್ ಹಾಕಿ, ಕಂಪ್ಯೂಟರನ್ನು ಆನ್ ಮಾಡದೆ, ಗುರುತಿರುವ ಯುಎಸ್‌ಬಿ ಕಿಂಡಿಗೆ ಡ್ರೈವ್ ಸಿಕ್ಕಿಸಿ ಗುಂಡಿ ಒತ್ತಿದೆ. ಯುಪಿಎಸ್ ಇರಲಿ: ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಡಬಹುದು. ಆರು ನಿಮಿಷ ಮಿನುಗಿ ದೀಪ ನಿಂತಿತು, ಪರದೆ ಬಂತು.

ರ್‍ಯಾಮ್ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟಿನಲ್ಲಿದೆ, ಎಕ್ಸ್‌ಎಂಪಿ (ರ್‍ಯಾಮ್‌ನ ಪೂರ್ಣ ವೇಗದ ಸೆಟ್ಟಿಂಗ್) 3200.