ಸ್ಕಾಲರ್‌ಶಿಪ್ ದುಡ್ಡು ಯಾವ ಖಾತೆಗೆ ಬೀಳುತ್ತೆ, ಮೊದಲೇ ನೋಡ್ಕೊಳ್ಳಿ

ಎಸ್ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕುವವರು ಗಮನಿಸಿ. ದುಡ್ಡು ಬರೋದು ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳೋ ಸಂಸ್ಥೆ) ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ಅದು ಕೆವೈಸಿ, ಅಂದರೆ ಗುರುತಿನ ಪರಿಶೀಲನೆ ಅಷ್ಟೇ; ಸೀಡಿಂಗ್, ಅಂದರೆ ಈ ಜೋಡಣೆ ಅಲ್ಲ. ಹೆಚ್ಚಿನವರು ಎಡವೋದು ಇಲ್ಲೇ. ಊರಲ್ಲೊಂದು ಖಾತೆ, ಶಿವಮೊಗ್ಗಕ್ಕೆ ಬಂದ ಮೇಲೆ ಇನ್ನೊಂದು, ಸಿಮ್ ಅಂಗಡಿಯಲ್ಲಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ಮತ್ತೊಂದು. ದುಡ್ಡು ಆ ಮರೆತೇಹೋದ ಮೂರನೆಯದಕ್ಕೂ ಹೋಗಬಹುದು.

ಮೈಆಧಾರ್ ತಾಣಕ್ಕೆ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, 'ಆಕ್ಟಿವ್' ಅಂತ ಇದೆಯಾ ನೋಡಿ. ಓಟಿಪಿ ಆಧಾರ್‌ನಲ್ಲಿರೋ ನಂಬರಿಗೇ ಬರುತ್ತೆ. ಅದು ಅಪ್ಪನ ನಂಬರಾದರೆ, ಹೊಸನಗರದ ಕಡೆ ಮಳೆಗಾಲದ ನೆಟ್‌ವರ್ಕ್ ಗೊತ್ತಲ್ಲ, ಅವರು ಪೇಟೆಗೆ ಬಂದ ಹೊತ್ತಲ್ಲೇ ಪ್ರಯತ್ನಿಸಿ.

ಬೇರೆ ಬ್ಯಾಂಕ್ ತೋರಿಸಿದರೆ ನಿಮಗೆ ಬೇಕಾದ ಶಾಖೆಗೆ ಹೋಗಿ 'ಡಿಬಿಟಿಗೆ ಆಧಾರ್ ಸೀಡಿಂಗ್' (ಡಿಬಿಟಿ ಅಂದರೆ ಸರ್ಕಾರದ ದುಡ್ಡು ನೇರ ಖಾತೆಗೆ ಬರೋದು) ಅರ್ಜಿ ತುಂಬಿ, ಹಳೇ ಬ್ಯಾಂಕಿನ ಹೆಸರನ್ನೂ ಬರೆಯಿರಿ. ಕೆಲವು ದಿನ ಬಿಟ್ಟು ಮತ್ತೆ ನೋಡಿ.

ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಅವಧಿ. ಪಿಯುಸಿಯಲ್ಲಿ ಮಾಡಿಸಿದ್ದು ಡಿಗ್ರಿ ಮಧ್ಯದಲ್ಲಿ ಮುಗಿಯಬಹುದು, ಪ್ರಮಾಣಪತ್ರದ ಮೇಲಿರೋ ಆರ್‌ಡಿ ಸಂಖ್ಯೆ ಜೊತೆ ದಿನಾಂಕವನ್ನೂ ನೋಡಿಕೊಳ್ಳಿ. ಇನ್ನು ಖಾತೆ ಝೀರೋ ಬ್ಯಾಲೆನ್ಸ್‌ದೇ ಇರಲಿ. ಇಲ್ಲದಿದ್ದರೆ ಬಂದ ದುಡ್ಡಲ್ಲಿ ಹಳೇ ದಂಡ ಮುರಿದುಕೊಂಡುಬಿಡಬಹುದು.