ಮಳೆಗಾಲದಲ್ಲಿ ಮಕ್ಕಳಿಗೆ ಆಟ, ಊಟ

ಜೂನ್ ಬಂತು ಅಂದ್ರೆ ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ. ಆದರೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಸಲ ಆಗಬೇಕಿಲ್ಲ. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಆದರೂ ಸಾಕು.

ನಮ್ಮ ಕೊಡಗಿನ ಕಡೆ ಹಾಕಿ ಸ್ಟಿಕ್ ಇಲ್ಲದ ಮನೆ ಕಡಿಮೆ ಅಲ್ವಾ? ಕಾರ್ ಶೆಡ್‌ನಲ್ಲಿ ಎರಡು ಚಪ್ಪಲಿ ಇಟ್ಟರೆ ಗೋಲು, ಟೆನಿಸ್ ಬಾಲ್ ಒಂದಿದ್ದರೆ ಆಯ್ತು. ಅಪ್ಪ ಅಮ್ಮನೂ ಆಡಬೇಕು, ಸುಮ್ನೆ ಕೂತು "ಓಡು ಓಡು" ಅಂದರೆ ಯಾರೂ ಓಡುವುದಿಲ್ಲ. 1997ರಲ್ಲಿ ಇಲ್ಲಿನ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ಒಂದೇ ಮನೆತನದ ಹಿರಿಯರು, ಹೆಂಗಸರು, ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರಲ್ಲ, ಹಾಗೆ. ಮಳೆ ಬಿಟ್ಟಾಗ ತೋಟಕ್ಕೆ ಒಂದು ಸುತ್ತು ಹೋಗಿ. ಜಿಗಣೆಗೆ ಜೇಬಲ್ಲಿ ಉಪ್ಪು ಇರಲಿ. ಆನೆ ಓಡಾಡುವ ಕಡೆಯಾದರೆ ಈ ಮಾತು ಬಿಟ್ಟುಬಿಡಿ!

ಊಟದಲ್ಲಿ ನನ್ನ ತಕರಾರು ಒಂದೇ, ಕಾಫಿ. ತೋಟದ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಲೋಟ ಕೊಡುತ್ತೇವೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದರ ಬದಲು ಸೀಬೆಹಣ್ಣು ಕೊಡಿ, ಇಲ್ಲವೇ ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ. ಅದರ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟು (ಒತ್ತು ಶಾವಿಗೆ) ಎರಡೂ ಅಕ್ಕಿಯೇ, ಆದ್ದರಿಂದ ಪಕ್ಕದಲ್ಲಿ ಮೊಟ್ಟೆಯೋ ಕಡಲೆ ಸಾರೋ ಇರಲಿ. ಕಳಲೆ, ಅಂದರೆ ಎಳೆ ಬಿದಿರು, ಮಾಡುವವರು ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿಯೇ ಮಕ್ಕಳಿಗೆ ಬಡಿಸಿ.